ಅತ್ತೆಯ ಬ್ರೈಲ್ ಫಲಕಕ್ಕೆ ಬರೆದ ಒಂದು ಸಾಲು

ಆರಿಫ್ ಬರೆದ ಒಂದೇ ಸಾಲಿನಿಂದ ವಿಮಲತ್ತೆ ಸ್ವತಂತ್ರಳಾದಳು ಎಂದು ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸದಾ ವಿಷಯದ ವಿರುದ್ಧವೇ ಮಾತಾಡಿ ಬೆಳೆದ ನಾನು ಇದನ್ನು ಒಪ್ಪಲಾರೆ, ಗೆಳೆಯರೇ.

ಹಲಸೂರಿನ ಮನೆಯಲ್ಲಿ ಅತ್ತೆ ಅಂಧ ಮಕ್ಕಳ ಪಠ್ಯಪುಸ್ತಕಗಳ ಕರಡು ತಿದ್ದುತ್ತಾಳೆ. ಅವಳಿಗೂ ದೃಷ್ಟಿಯಿಲ್ಲ, ಪರದೆಯ ಅಕ್ಷರಗಳನ್ನು ಚುಕ್ಕಿಗಳಾಗಿಸಿ ಬೆರಳಿಗೆ ಮುಟ್ಟಿಸುವ ಹಳೆಯದೊಂದು ಬ್ರೈಲ್ ಫಲಕವಿದೆ. ಅವಳ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯಲ್ಲಿ ಒಂದು ಸೊಗಸು: ಸಾಧನವನ್ನು ಜೋಡಿಸಿದೊಡನೆ ಅದು ತನ್ನ ಗುರುತು ಹೇಳುತ್ತದೆ, ಅದರ ಭಾಷೆ ಬಲ್ಲ ಡ್ರೈವರ್ ಎಂಬ ಪುಟ್ಟ ತಂತ್ರಾಂಶವನ್ನು ವ್ಯವಸ್ಥೆ ತಾನೇ ಹುಡುಕಿ ಎಬ್ಬಿಸುತ್ತದೆ. ತಾನೇ ಎಂಬುದೂ ಪೂರ್ತಿ ನಿಜವಲ್ಲ, ಮುಖ ಕಾಣದ ಯಾರೋ ಆ ಗುರುತನ್ನು ಮೊದಲೇ ಬರೆದಿಟ್ಟಿರಬೇಕು. ಅತ್ತೆಯ ಫಲಕದ ಗುರುತನ್ನು ಯಾರೂ ಬರೆದಿರಲಿಲ್ಲ. ಹಾಗಾಗಿ ಶಿವಾಜಿನಗರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿಯಿಟ್ಟಿರುವ ನನ್ನ ಗೆಳೆಯ ಆರಿಫ್ ದಿನಾ ಬೆಳಿಗ್ಗೆ ಬಂದು, ಒಂದೊಂದೇ ಅಕ್ಷರ ಬಾಯಲ್ಲಿ ಹೇಳಿಕೊಳ್ಳುತ್ತ ಒಂದು ಆಜ್ಞೆ ಟೈಪ್ ಮಾಡಿ, ಡ್ರೈವರನ್ನು ಕೈಯಾರೆ ಎಬ್ಬಿಸಿ ಹೋಗುತ್ತಿದ್ದ.

“ಅತ್ತೆ, ನಿಮ್ಮ ಕಂಪ್ಯೂಟರ್‌ಗೆ ಮರೆವು ಜಾಸ್ತಿ. ದಿನಾ ಪರಿಚಯ ಮಾಡಿಸ್ಬೇಕು.”

“ನಿನಗಿಂತ ವಾಸಿ ಬಿಡೋ. ಅದು ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಕೇಳಲ್ಲ.”

ಆಜ್ಞೆಗೆ ಅರೆಕ್ಷಣ, ಹರಟೆ ಮಾತ್ರ ಅಂಗಡಿ ತೆರೆಯುವ ಹೊತ್ತು ಮೀರುವವರೆಗೆ.

ಕಳೆದ ಮಳೆಗಾಲದಲ್ಲಿ, ತನಗಾಗಿ ಕಾಯುವ ಕಷ್ಟ ಅವಳಿಗೇಕೆಂದು, ಅವನೇ ಆ ಗುರುತನ್ನು ವ್ಯವಸ್ಥೆಗೆ ತಿಳಿಸುವ ಸಾಲು ಬರೆದಿಟ್ಟ. ಮರುದಿನ ಫಲಕ ಜೋಡಿಸಿದೊಡನೆ ಚುಕ್ಕಿಗಳೆದ್ದವು. ಅವನು ಬರಲಿಲ್ಲ. ಆಮೇಲೂ ಬರಲಿಲ್ಲ.

“ಈಗ ಆರಾಮಲ್ವಾ ಅತ್ತೆ? ಯಾರಿಗೂ ಕಾಯೋ ಹಾಗಿಲ್ಲ” ಎಂದೆ ನಾನು ಒಂದು ದಿನ.

ಅವಳ ಬೆರಳು ಫಲಕದ ಮೇಲೆ ನಿಂತಿತು. ಆರಿಫ್ ಟೈಪ್ ಮಾಡುತ್ತಿದ್ದ ಆಜ್ಞೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದಳು.

“ಮೊದಲನೇ ವಾರದಲ್ಲೇ ಬಾಯಿಪಾಠ ಆಗಿತ್ತು ಕಣೋ. ನಾನೇ ಟೈಪ್ ಮಾಡ್ಕೋಬಹುದಿತ್ತು. ಅವನಿಗೆ ಹೇಳ್ಬೇಡ, ನೊಂದ್ಕೋತಾನೆ.”

ಸ್ವಾತಂತ್ರ್ಯದ ಹೆಸರಿನಲ್ಲಿ ನಾನು ಗೆದ್ದ ವಾದಗಳೆಲ್ಲ ಆ ಕೋಣೆಯಲ್ಲಿ ಬಡವಾದವು. ಒಬ್ಬರಿಗೊಬ್ಬರು ಬೇಕಾಗದಂತೆ ಬದುಕುವುದೇ ದೊಡ್ಡದೆನ್ನುವವರು, ಬೇಕಾಗಿರಲೆಂದೇ ತನ್ನ ಜಾಣ್ಮೆಯನ್ನು ಬಚ್ಚಿಟ್ಟುಕೊಂಡ ಈ ಹೆಂಗಸನ್ನು ಏನೆಂದು ಕರೆಯುತ್ತಾರೆ?

ಮೊನ್ನೆ ಮೆಟ್ರೋ ಮೆಟ್ಟಿಲಲ್ಲಿ ಆರಿಫ್ ಸಿಕ್ಕ. “ಅತ್ತೆ ಹೇಗಿದ್ದಾರೆ ಗುರು? ಈಗ ನನ್ನ ಅವಶ್ಯಕತೆನೇ ಇಲ್ಲ, ಅಲ್ವಾ?” ಎಂದ, ಮುಖದಲ್ಲಿ ಉಪಕಾರ ಮಾಡಿದವನ ತೃಪ್ತಿ. ಬಾಯಿಪಾಠದ ಸಂಗತಿ ಅವನಿಗೆ ಹೇಳಬೇಡವೆಂದಿದ್ದಳು ಅತ್ತೆ. ಕೊನೆಗೆ ಇಷ್ಟು ಮಾತ್ರ ಕೇಳಿದೆ:

“ಕೆಲಸ ಇಲ್ಲದಿದ್ರೆ ಒಬ್ಬರ ಮನೆಗೆ ಹೋಗ್ಬಾರ್ದೇನೋ, ಮಗಾ?”