ಕಾರ್ಕಳಕ್ಕೆ ಬಂದ ಆಕ್ಯುಪೈ

ಮೊನ್ನೆ ಉಡುಪಿಯಲ್ಲಿ ಕಾರ್ಕಳದ ಬಸ್ಸು ಹತ್ತಿ, ಕಿಟಕಿ ಬದಿಯ ಖಾಲಿ ಸೀಟಿಗೆ ಆಸೆಯಿಂದ ನುಗ್ಗಿದೆ. ಅದರ ಮೇಲೊಂದು ಕೊಡೆ ಇತ್ತು. "ಅದು ಆಕ್ಯುಪೈ ಆಗಿದೆ ಅಂಕಲ್," ಎಂದಳು ಪಕ್ಕದ ಹುಡುಗಿ. 'ಅಂಕಲ್' ಎಂದದ್ದಕ್ಕೆ ಬೇಸರಪಡಬೇಕಾದವನು ಇನ್ನೊಂದು ಶಬ್ದಕ್ಕೆ ನಕ್ಕುಬಿಟ್ಟೆ. ಕಾರಣವನ್ನು ನಿಮಗೆ ಹೇಳಬೇಕು.

ಬ್ಯಾಂಕ್ ಪರೀಕ್ಷೆಗೆ ಓದುತ್ತೇನೆಂದು ಮನೆಯವರನ್ನು ನಂಬಿಸಿ, ನಾನು ಕಾರ್ಕಳದ ವಾಚನಾಲಯವೊಂದರಲ್ಲಿ ಪೇಪರ್ ಓದಿಕೊಂಡಿದ್ದ ಕಾಲ ಅದು. ನಿಜವಾಗಿ ಓದಬೇಕಿದ್ದವನು ಗೆಳೆಯ ಲಾರೆನ್ಸ್. ಹಗಲೆಲ್ಲ ಜವಳಿ ಅಂಗಡಿಯಲ್ಲಿ ಸೀರೆ ಬಿಡಿಸಿ ಮಡಚಿ ಅವನು ಓಡಿ ಬರುವಷ್ಟರಲ್ಲಿ ಬಾಗಿಲಿಗೆ ಬೀಗ ಬಿದ್ದಿರುತ್ತಿತ್ತು. ಮನೆಯಲ್ಲಿ ಕೂತು ಓದಲು ಜಾಗವಿಲ್ಲ.

ಆಗಲೇ ಅಮೆರಿಕದಲ್ಲಿ ಜನ ಸಿರಿವಂತರ ಬೀದಿಯಲ್ಲಿ ಕುಳಿತು 'ಆಕ್ಯುಪೈ', ಅಂದರೆ ಜಾಗ ಹಿಡಿದು ಕೂರಿ, ಎಂದು ಹೋರಾಟ ಹೂಡಿದ್ದು. ಆ ಹೆಸರು ಲಂಡನ್ನಿಗೆ ಹೋಗಿ ಇಗರ್ಜಿಯೆದುರು ಡೇರೆ ಹಾಕಿತು. ಮುಂದೆ ಹಾಂಗ್‌ಕಾಂಗಿನಲ್ಲಿ ಓಟಿನ ಹಕ್ಕು ಕೇಳಿತು. ನಡುವೆ ಕಾರ್ಕಳಕ್ಕೂ ಬಂತು, ನನ್ನ ಮೂಲಕ. ಯಾವ ಚರಿತ್ರೆಯಲ್ಲೂ ಇದಿಲ್ಲ, ಹುಡುಕಬೇಡಿ. ಲಾರೆನ್ಸನಿಗಾಗಿ ಬಾಗಿಲು ಇನ್ನಷ್ಟು ಹೊತ್ತು ತೆರೆದಿರಲೆಂದು "ಆಕ್ಯುಪೈ ವಾಚನಾಲಯ! ಸಂಜೆ ಬನ್ನಿ, ಕುರ್ಚಿ ಹಿಡಿಯಿರಿ" ಎಂದು ಚೀಟಿ ಅಂಟಿಸಿದೆ. ಭಾಷಣವನ್ನೂ ಬರೆದೆ, ಅದರಲ್ಲಿ 'ಬಂಡವಾಳಶಾಹಿ' ಸಿಕ್ಕಾಪಟ್ಟೆ ಇತ್ತು.

ನಮ್ಮೂರಿನವರಿಗೆ ಕುರ್ಚಿ ಹಿಡಿಯುವುದೆಂದರೆ ಯಕ್ಷಗಾನದ ದಿನ ಮಾಡುವ ಹಾಗೆಯೇ. ಬಂದವರೆಲ್ಲ ಒಂದೊಂದು ಕುರ್ಚಿಗೆ ಹೆಗಲ ಮೇಲಿನ ಟವೆಲು, ನಮ್ಮ ಬೈರಾಸು, ಹಾಸಿ ಚಹಾಕ್ಕೆ ಹೋದರು. ಭಾಷಣಕ್ಕೆ ಎದ್ದು ನಿಂತರೆ ಎದುರಿಗೆ ಬರೇ ಬೈರಾಸುಗಳು. ಆ ದಿನ ಅಂಗಡಿಗೆ ರಜೆ ಹಾಕಿ ಬಂದು, ಮೂಲೆಯಲ್ಲಿ ಪುಸ್ತಕ ಬಿಡಿಸಿ ಕೂತ ಲಾರೆನ್ಸ್ ಒಬ್ಬ.

ಬೀಗ ಹಾಕಲು ಬಂದ ಕಾರ್ಯದರ್ಶಿ ರಾಯರು ಬಾಗಿಲಲ್ಲೇ ನಿಂತರು. "ಎಂತ ಮಾರಾಯ ಇದು? ಒಂದು ಕುರ್ಚಿಯೂ ಖಾಲಿ ಇಲ್ಲ! ಇಷ್ಟು ಓದುವವರು ಉಂಟಾ ನಮ್ಮ ಊರಲ್ಲಿ?"

ನಾನು ಬಾಯಿ ತೆರೆಯುವ ಮೊದಲೇ ಲಾರೆನ್ಸ್ ಹೇಳಿದ: "ನಾನೊಬ್ಬ ಇದ್ದೇನೆ ಸರ್. ಒಂದು ಗಂಟೆ ಹೆಚ್ಚು ತೆರೆದಿಟ್ಟರೆ ಉಪಕಾರ."

"ಅಷ್ಟೆಯಾ? ಮೊದಲೇ ಹೇಳಬಾರದಿತ್ತಾ?" ಎಂದರು ರಾಯರು. ಬಂಡವಾಳಶಾಹಿ ನನ್ನ ಕಿಸೆಯಲ್ಲೇ ಉಳಿಯಿತು.

ಮರುದಿನದಿಂದ ಆ ಹೊತ್ತಿನಲ್ಲಿ ನಾವಿಬ್ಬರೇ. ಅವನು ಓದಿದ, ನಾನು ತೂಕಡಿಸಿದೆ. ಪರೀಕ್ಷೆಯ ಫಲಿತಾಂಶ ನೀವೇ ಊಹಿಸಿ.

ಬಸ್ಸು ಹಿರಿಯಡ್ಕ ದಾಟುವಾಗ, ಈಗ ಬ್ಯಾಂಕ್ ಮ್ಯಾನೇಜರನಾಗಿರುವ ಲಾರೆನ್ಸನಿಗೆ ನಿಂತುಕೊಂಡೇ ಫೋನ್ ಮಾಡಿದೆ. "ನಮ್ಮ ಹೋರಾಟದ ಹೆಸರು ಕಡೆಗೆ ಸೀಟು ಹಿಡಿಯುವಲ್ಲಿಗೆ ಬಂತು ನೋಡು," ಎಂದು ಗೊಣಗಿದೆ.

ಅವನು ನಗಲಿಲ್ಲ. "ಅಮೆರಿಕದವರಿಗೆ ಅದರ ಅರ್ಥ ಎಂತದೋ. ನನಗೆ ಮಾತ್ರ ಒಂದು ಗಂಟೆ ಹೆಚ್ಚು ಲೈಟು. ನೀನು ಆ ಚೀಟಿ ಅಂಟಿಸದಿದ್ದರೆ ನನಗೆ ಕೇಳುವ ಧೈರ್ಯ ಎಲ್ಲಿತ್ತು ಮಾರಾಯ?"

ಇಷ್ಟು ವರ್ಷ ಹೋದಲ್ಲೆಲ್ಲ ಹೇಳಿ ನಗಿಸುತ್ತಿದ್ದ ಕತೆಯನ್ನು, ಕಂಬಿ ಹಿಡಿದು ನಿಂತು, ಮೊದಲ ಸಲ ನಗದೆ ನೆನೆದೆ.