ಕೊಡೆ ಪಟ್ಟಿಯ ಕೊನೆಯಪ್ಪ

ಕೊನೆಯಪ್ಪ ಎಂಬುದು ಅವರಿಗೆ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಜಿಲ್ಲೆ ಇಟ್ಟದ್ದು. ಅಂಗಡಿ, ಆಸ್ಪತ್ರೆ, ಅಂಚೆ ಕಚೇರಿಗಳ ತಕ್ಕಡಿಗಳನ್ನು ರಿಪೇರಿ ಮಾಡಿ, ಸರಿಯಾಗಿವೆ ಎಂದು ಸೀಸದ ಮುದ್ರೆ ಒತ್ತಿ ಕೊಡುವುದು ಅವರ ಕಸುಬು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ಕೋಣೆ: ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಗೋಡೆ ತುಂಬ ಮೊಳೆ, ಮೊಳೆಗೊಂದು ತಕ್ಕಡಿ. ಒಳಗೆ ಯಾರಾದರೂ ಸೀನಿದರೆ ಇಪ್ಪತ್ತು ಮುಳ್ಳುಗಳು ಒಟ್ಟಿಗೆ ಅಲ್ಲಾಡುತ್ತಿದ್ದವು. ಆದ್ದರಿಂದ ಸೀನು ಬಂದರೆ ಅವರು ಬೀದಿಗೆ ಓಡುತ್ತಿದ್ದರು. ಗಿರಾಕಿಗೆ ಬಂದರೆ ಗಿರಾಕಿಯನ್ನು ಬೀದಿಗೆ ದಬ್ಬುತ್ತಿದ್ದರು.

ಹೆಸರು ಬಂದದ್ದು ಚುನಾವಣೆಯಿಂದ. ಆ ಜಿಲ್ಲೆಯಿಂದ ದೇಶದ ಸಂಸತ್ತಿಗೆ ನಾಲ್ಕು ಮಂದಿ ಆಯ್ಕೆಯಾಗುತ್ತಾರೆ. ಜನ ಮತ ಹಾಕುವುದು ವ್ಯಕ್ತಿಗಲ್ಲ, ಪಕ್ಷಕ್ಕೆ. ಪ್ರತಿ ಪಕ್ಷವೂ ಮೊದಲೇ ನಾಲ್ಕು ಹೆಸರಿನ ಪಟ್ಟಿ ಕೊಟ್ಟಿರಬೇಕು. ಪಕ್ಷಕ್ಕೆ ಒಂದು ಸ್ಥಾನ ಸಿಕ್ಕರೆ ಪಟ್ಟಿಯ ಮೊದಲನೆಯವರು ಹೋಗುತ್ತಾರೆ, ಎರಡು ಸಿಕ್ಕರೆ ಮೊದಲ ಇಬ್ಬರು. ಕೊಡೆ ಪಕ್ಷಕ್ಕೆ ಅದು ಹುಟ್ಟಿದಾಗಿನಿಂದ ಸಿಗುತ್ತಿದ್ದದ್ದು ಒಂದೇ. ಹಾಗಾಗಿ ಮೊದಲನೆಯ ಜಾಗಕ್ಕೆ ಜಗಳ, ಎರಡು ಮತ್ತು ಮೂರಕ್ಕೆ ಮುನಿಸು, ನಾಲ್ಕನೆಯದಕ್ಕೆ ಮಾತ್ರ ಯಾರನ್ನು ಕರೆದರೂ ಬರುತ್ತಿರಲಿಲ್ಲ. ಆದರೆ ನಾಲ್ಕನೆಯ ಹೆಸರಿಲ್ಲದಿದ್ದರೆ ಇಡೀ ಪಟ್ಟಿಯೇ ಕಸದ ಬುಟ್ಟಿಗೆ.

ಪಕ್ಷದ ಕಚೇರಿಯಲ್ಲಿ ಬೆರಳಚ್ಚು ಮಾಡುತ್ತಿದ್ದವರು ಅವರ ಅಕ್ಕ. "ಹೆಸರು ಕೊಡೋ, ಸುಮ್ನೆ ಜಾಗ ತುಂಬಕ್ಕೆ," ಎಂದು ಇಪ್ಪತ್ತನಾಲ್ಕು ವರ್ಷದ ಹಿಂದೆ ಕೇಳಿದ್ದರು. ತಮ್ಮ ಕೊಟ್ಟರು. ಅಲ್ಲಿಂದ ಆರು ಚುನಾವಣೆ, ಆರು ಸಲವೂ ನಾಲ್ಕನೆಯವರು, ಆರು ಸಲವೂ ಸೋಲು. ಫಲಿತಾಂಶದ ಮರುದಿನ ಪತ್ರಿಕೆ ಬಿಡಿಸಿ, ಸೋತಿದ್ದೇನೆಂದು ಖಚಿತಪಡಿಸಿಕೊಂಡು ಕೆಲಸಕ್ಕೆ ಹೋಗುವುದರಲ್ಲಿ ಅವರಿಗೆ ಎಂಥದೋ ನೆಮ್ಮದಿ.

"ನಮ್ಮನೆಯವರು ಸೋಲೋದ್ರಲ್ಲಿ ಒಂದ್ಸಲಾನೂ ಸೋತಿಲ್ಲ," ಎಂದು ಅವರ ಹೆಂಡತಿ ಹೊಲಿಗೆ ಯಂತ್ರ ತುಳಿಯುತ್ತಾ ಬಟ್ಟೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದರು.

ಏಳನೆಯ ಸಲ ಎಡವಟ್ಟಾಯಿತು. ಅಕ್ಕನ ಕೆಲಸಕ್ಕೆ ಒಂದು ಕ್ರಮವಿತ್ತು. ಮೇಲಿನ ಮೂವರ ಜಗಳ ಕೊನೆಯ ಗಳಿಗೆಯವರೆಗೂ ತೀರುತ್ತಿರಲಿಲ್ಲವಾದ್ದರಿಂದ, ತಂಟೆಯಿಲ್ಲದ ನಾಲ್ಕನೆಯ ಹೆಸರನ್ನು ಬೆಳಿಗ್ಗೆಯೇ ಅರ್ಜಿಯ ತಳದಲ್ಲಿ ಬರೆದು, ಮೇಲಿನ ಮೂರು ಸಾಲು ಖಾಲಿ ಬಿಟ್ಟು ಕಾಯುತ್ತಿದ್ದರು. ಈ ಸಲ ಕಾಗದದ ಅರ್ಜಿ ಹೋಗಿ ಕಂಪ್ಯೂಟರ್ ಬಂದಿತ್ತು. ಅದಕ್ಕೆ ತಳವೂ ಇಲ್ಲ, ತಲೆಯೂ ಇಲ್ಲ. ಮೊದಲು ತುಂಬಿದ್ದೇ ಮೊದಲನೆಯ ಹೆಸರು. ಅಕ್ಕ ಎಂದಿನಂತೆ ಬೆಳಿಗ್ಗೆ ತಮ್ಮನನ್ನು ತುಂಬಿಟ್ಟರು. ಗಡುವು ಮಧ್ಯಾಹ್ನ ಮೂರಕ್ಕೆ. ಎರಡು ಐವತ್ತೇಳಕ್ಕೆ ಪಕ್ಷದ ಮುಖಂಡರು ಏದುಸಿರು ಬಿಡುತ್ತಾ ಬಂದು, ತಮ್ಮದೇ ಹೆಸರಿನಿಂದ ಶುರುಮಾಡಿ ಮೂರು ಹೆಸರು ಹೇಳಿದರು. ಅಕ್ಕ ಗುಂಡಿ ಒತ್ತಿದರು. ಗಡಿಯಾರ ಮೂರು ಹೊಡೆಯುತ್ತಿದ್ದಂತೆ ರಸೀದಿ ಬಂತು. ಒಂದನೆಯ ಸಾಲಿನಲ್ಲಿ ಕೊನೆಯಪ್ಪ, ಎರಡನೆಯ ಸಾಲಿನಲ್ಲಿ ಮುಖಂಡರು.

"ಏನಮ್ಮಾ ಇದು!" ಎಂದರು ಮುಖಂಡರು.

"ನೀವು ಹತ್ತು ಗಂಟೆಗೇ ಜಗಳ ಮುಗಿಸಿದ್ರೆ ಹೀಗಾಗ್ತಿತ್ತಾ ಸಾರ್?" ಎಂದರು ಅಕ್ಕ.

ಅರ್ಧ ಗಂಟೆಯಲ್ಲಿ ಇಬ್ಬರೂ ತಕ್ಕಡಿಗಳ ಕೋಣೆಯಲ್ಲಿದ್ದರು. ಕೊನೆಯಪ್ಪನವರಿಗೆ ವಿಷಯ ತಿಳಿದಾಗ ಕೈಯಲ್ಲಿದ್ದ ಚಿಮಟ ಜಾರಿ ಬಿತ್ತು.

"ಅಂದ್ರೆ ನಾನು ಗೆದ್ದುಬಿಡ್ತೀನಾ?"

"ಗೆಲ್ತೀಯ ಕಣೋ," ಎಂದರು ಅಕ್ಕ.

"ನಿನಗೆ ನಾನೇನು ಅನ್ಯಾಯ ಮಾಡಿದ್ದೆ ಅಕ್ಕಾ?"

ಅವರ ಸಂಕಟ ಸುಳ್ಳಲ್ಲ. ಜನರ ಮುಂದೆ ಬಾಯಿ ತೆರೆಯುವುದೆಂದರೆ ಅವರಿಗೆ ಜೀವ ಬಾಯಿಗೆ ಬರುತ್ತಿತ್ತು. ಒಮ್ಮೆ ಶಾಲೆಯೊಂದಕ್ಕೆ ಕರೆಸಿ, ತೂಕದ ಬಗ್ಗೆ ಎರಡು ಮಾತಾಡಿ ಎಂದಿದ್ದಕ್ಕೆ, "ತಕ್ಕಡಿ. ನಮಸ್ಕಾರ," ಎಂದು ಸರಿಯಾಗಿ ಎರಡೇ ಮಾತಾಡಿ ಕುಳಿತುಬಿಟ್ಟಿದ್ದರು.

"ಈಗಲೇ ಹೆಸರು ವಾಪಸ್ ತಗೊಳ್ರೀ," ಎಂದರು ಮುಖಂಡರು.

"ತಗೊಂಡ್ರೆ ಮೂರೇ ಉಳಿಯುತ್ತೆ. ಪಟ್ಟೀನೇ ಹೋಗುತ್ತೆ ಸಾರ್," ಎಂದರು ಅಕ್ಕ.

ಕಡೆಗೆ ಮುಖಂಡರೇ ದಾರಿ ಕಂಡುಹಿಡಿದರು. ಗೆದ್ದವರಿಗೆ ಎಣಿಕೆ ಕೇಂದ್ರದಲ್ಲೇ ಒಂದು ಪತ್ರ ಕೊಡುತ್ತಾರೆ. ಸ್ಥಾನ ಒಪ್ಪಿದ್ದೇನೆ ಎಂದೋ ಬೇಡ ಎಂದೋ ಸ್ವಂತ ಕೈಯಲ್ಲಿ ಬರೆದು ಸಹಿ ಹಾಕಬೇಕು. ಬೇಡ ಎಂದರೆ ಸ್ಥಾನ ಪಟ್ಟಿಯ ಮುಂದಿನವರಿಗೆ, ಅಂದರೆ ಮುಖಂಡರಿಗೆ. ಕೊನೆಯಪ್ಪನವರಿಗೆ ಹೋದ ಜೀವ ಬಂದಂತಾಯಿತು. ಆದರೆ ಮುಖಂಡರಿಗೆ ಪೂರ್ತಿ ನಂಬಿಕೆ ಬರಲಿಲ್ಲ. ಅಂದಿನಿಂದ ನಲವತ್ತು ದಿನ, ದಿನಾ ಬೆಳಿಗ್ಗೆ ಕೋಣೆಗೆ ಬಂದು, "ಎಲ್ಲಿ, ಬರೆದು ತೋರಿಸಿ," ಎನ್ನುತ್ತಿದ್ದರು. ಕೊನೆಯಪ್ಪ ರಿಪೇರಿ ಚೀಟಿಯ ಹಿಂಬದಿಯಲ್ಲಿ 'ಬೇಡ' ಎಂದು ಬರೆದು ತೋರಿಸುತ್ತಿದ್ದರು. ಎಂಟನೆಯ ದಿನ ಅಕ್ಷರ ದುಂಡಗಿಲ್ಲವೆಂದು ಎರಡು ಸಲ ಬರೆಸಿದರು.

ಮತ ಎಣಿಕೆ ನಡೆದದ್ದು ಶಾಲೆಯೊಂದರ ಆಟದ ಸಭಾಂಗಣದಲ್ಲಿ. ಒಟ್ಟು ಮತ ಬಂದ ಮೇಲೆ ಚುನಾವಣಾಧಿಕಾರಿ, ಕನ್ನಡಕ ಹಾಕಿದ ತೆಳ್ಳಗಿನ ಹೆಂಗಸು, ಕರಿಹಲಗೆಯ ಮುಂದೆ ನಿಂತು ಭಾಗಾಕಾರ ಶುರುಮಾಡಿದರು. ನಿಯಮ ಸರಳವಾದದ್ದು: ಪ್ರತಿ ಪಕ್ಷದ ಮತಗಳನ್ನು ಒಂದರಿಂದ, ಎರಡರಿಂದ, ಮೂರರಿಂದ, ನಾಲ್ಕರಿಂದ ಭಾಗಿಸುವುದು. ಬಂದ ಎಲ್ಲ ಸಂಖ್ಯೆಗಳಲ್ಲಿ ಅತಿ ದೊಡ್ಡ ನಾಲ್ಕಕ್ಕೆ ನಾಲ್ಕು ಸ್ಥಾನ. ಲಾಟೀನು ಪಕ್ಷಕ್ಕೆ 84,012 ಮತ. ಎರಡರಿಂದ ಭಾಗಿಸಿದರೆ 42,006, ಮೂರರಿಂದ 28,004. ಏಣಿ ಪಕ್ಷಕ್ಕೆ 55,940, ಅದರ ಅರ್ಧ 27,970. ಕೊಡೆಗೆ 28,007.

ಮೊದಲ ಸ್ಥಾನ ಲಾಟೀನಿಗೆ, ಎರಡನೆಯದು ಏಣಿಗೆ, ಮೂರನೆಯದು ಮತ್ತೆ ಲಾಟೀನಿಗೆ. ನಾಲ್ಕನೆಯದಕ್ಕೆ ಲಾಟೀನಿನ 28,004 ಮತ್ತು ಕೊಡೆಯ 28,007 ಎದುರುಬದುರಾದವು. ಅಧಿಕಾರಿ ಕೊಡೆಯ ಸಂಖ್ಯೆಗೆ ಸುತ್ತು ಹಾಕಿದರು.

"ಮೂರು," ಎಂದರು ಕೊನೆಯಪ್ಪ. "ಮೂರು ಮತ ಕಮ್ಮಿಯಾಗಿದ್ರೆ ಸಮ ಆಗಿ ಚೀಟಿ ಎತ್ತಬೇಕಿತ್ತು." ಬೆರಳು ಮಡಚಿದರು. "ನಾನು ಹಾಕಿದೆ. ಅಕ್ಕ ಹಾಕಿದ್ಲು." ಪಕ್ಕದಲ್ಲಿದ್ದ ಹೆಂಡತಿಯನ್ನು ನೋಡಿದರು. "ನೀನು?"

"ಏಣಿಗೆ ಹಾಕೋಣ ಅಂತಲೇ ಹೋಗಿದ್ದೆ. ಅಲ್ಲಿ ನಿಮ್ಮ ಪೆಚ್ಚುಮುಖ ನೆನಪಾಯ್ತು. ಅಲ್ಲಾ, ಸೋಲಬೇಕು ಅನ್ನೋರು ನೀವ್ಯಾಕೆ ಕೊಡೆಗೆ ಹಾಕಿದ್ರಿ?"

"ಅಭ್ಯಾಸ," ಎಂದರು ಅವರು.

ಅಷ್ಟರಲ್ಲಿ ಮುಖಂಡರು ಪೆನ್ನಿನ ಮುಚ್ಚಳ ತೆಗೆದುಕೊಂಡೇ ಬಂದರು. "ಬನ್ನಿ ಬನ್ನಿ, ಬರೆದುಬಿಡಿ. ನನಗೆ ನಾಲ್ಕೂವರೆ ರೈಲು ಹಿಡೀಬೇಕು."

"ನಿಮ್ಮನೇಲಿ ಎಷ್ಟು ಮತ ಸಾರ್?" ಎಂದು ಕೊನೆಯಪ್ಪ ಕೇಳಿದರು. ಮೂರು ಮತ ಯಾರದ್ದೆಂದು ಲೆಕ್ಕ ಹಾಕುತ್ತಿದ್ದವರಿಗೆ ಮುಖಂಡರ ಮತಗಳನ್ನೂ ಸೇರಿಸದೆ ಇರುವುದು ಸರಿಕಾಣಲಿಲ್ಲ.

"ಐದು."

"ಹಾಗಾದ್ರೆ ಒಟ್ಟು ಎಂಟು."

"ಅದು ಹೇಗ್ರೀ? ನಮ್ಮದು ಇಲ್ಲೆಲ್ಲಿದೆ? ಹನ್ನೆರಡು ವರ್ಷದಿಂದ ನಾವಿರೋದೇ ರಾಜಧಾನೀಲಿ. ಮತನೂ ಅಲ್ಲೇ. ಇಲ್ಲಿಗೆ ಬರೋದು ಚುನಾವಣೆಗೆ ಮಾತ್ರ."

ಕೊನೆಯಪ್ಪ ಕರಿಹಲಗೆಯನ್ನು ನೋಡಿದರು. ಮತ್ತೆ ಮುಖಂಡರನ್ನು ನೋಡಿದರು.

"ಅಂದ್ರೆ ಈ ಇಪ್ಪತ್ತೆಂಟು ಸಾವಿರದ ಏಳರಲ್ಲಿ ನೀವಿಲ್ಲ."

"ಇಲ್ಲ. ಅದಕ್ಕೇನೀಗ?"

ಅದಕ್ಕೇನೆಂದು ಅವರಿಗೂ ತಕ್ಷಣ ಹೊಳೆಯಲಿಲ್ಲ. ಆದರೆ ತಕ್ಕಡಿಯ ತೂಕ ಸರಿಯಿದೆಯೇ ಎಂದು ನೋಡದೆ ಅವರು ಜೀವಮಾನದಲ್ಲಿ ಒಂದು ಮುದ್ರೆಯನ್ನೂ ಒತ್ತಿದವರಲ್ಲ; ಈ ತೂಕ ಎಲ್ಲೋ ತಪ್ಪಿದೆ ಅನ್ನಿಸಿತು. ಅಧಿಕಾರಿ ಪತ್ರವನ್ನು ಮೇಜಿನ ಮೇಲಿಟ್ಟು, "ಒಪ್ಪಿಗೆಯೋ, ಇಲ್ಲವೋ, ಬರೀರಿ," ಎಂದರು. ನಲವತ್ತು ದಿನ ಪಳಗಿದ ಕೈ ತನ್ನಷ್ಟಕ್ಕೆ ದುಂಡಗೆ 'ಬೇ' ಎಂದು ಬರೆದುಬಿಟ್ಟಿತು. ಮುಖಂಡರು ಉಸಿರು ಬಿಟ್ಟರು. ಕೊನೆಯಪ್ಪ ಕಾಗದದಿಂದ ಕೈ ಎತ್ತಿದರು.

"ಮೇಡಂ, ಇನ್ನೊಂದು ಪತ್ರ ಇದೆಯಾ?"

"ಹೊಡೆದುಹಾಕಿ ಪಕ್ಕದಲ್ಲಿ ಬರೀರಿ. ಅರ್ಧ ಪದಕ್ಕೆ ನಮ್ಮಲ್ಲಿ ಬೆಲೆ ಇಲ್ಲ," ಎಂದರು ಅಧಿಕಾರಿ.

ಹೊಡೆದುಹಾಕಿ, ಪಕ್ಕದಲ್ಲಿ 'ಒಪ್ಪಿದ್ದೇನೆ' ಎಂದು ಬರೆದರು. ಬರೆದದ್ದನ್ನು ತಾವೇ ಓದಿ ಬೆವೆತರು.

"ಮೋಸ!" ಎಂದು ಮುಖಂಡರು ಕೂಗಿದರು.

"ಕೂಗಬೇಡಿ ಸಾರ್, ಎರಡನೆಯವರು ನೀವು. ಅವನಿಗೇನಾದ್ರೂ ಆದ್ರೆ ಮುಂದಿನ ಸರದಿ ನಿಮ್ಮದೇ," ಎಂದು ಅಕ್ಕ ಸಮಾಧಾನ ಮಾಡಿದರು. ಆಮೇಲೆ ತಮ್ಮನ ಕಡೆ ತಿರುಗಿ, "ನೀನು ರಸ್ತೆ ದಾಟುವಾಗ ಸ್ವಲ್ಪ ನೋಡ್ಕೊಂಡು ದಾಟು," ಎಂದರು.

ಅಧಿಕಾರಿ ಒಂದು ಹಾಳೆ ಕೊಟ್ಟರು. ಸೋಮವಾರ ಹನ್ನೊಂದು ಗಂಟೆಗೆ ಸಂಸತ್ತಿನಲ್ಲಿ ಗಟ್ಟಿಯಾಗಿ ಓದಬೇಕಾದ ಪ್ರಮಾಣವಚನ, ನಲವತ್ತೊಂದು ಪದ. ಗಂಡ ಹೆಂಡತಿ ನಡೆದುಕೊಂಡೇ ಮನೆಗೆ ಹೊರಟರು. ಬಸ್ ನಿಲ್ದಾಣದ ಹತ್ತಿರ ಹೆಂಡತಿ ಹಾಳೆಯನ್ನು ಅವರ ಕೈಗೆ ಹಿಡಿಸಿದರು.

"ಎಲ್ಲಿ, ಓದಿ."

ಅವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಏಳನೆಯ ಪದಕ್ಕೆ ನಿಂತರು.

"ಮುಂದೆ?"

"ಜನ ನೋಡ್ತಿದ್ದಾರೆ ಕಣೇ."

"ನೋಡ್ಲಿ ಬಿಡಿ. ಮತ ಹಾಕಿದ್ದಾರೆ, ನೋಡಬಾರದಾ? ಓದಿ."

ಕೊನೆಯಪ್ಪ ಹಾಳೆಯನ್ನು ಮೂಗಿನವರೆಗೂ ಎತ್ತಿ ಹಿಡಿದು, ಎಂಟನೆಯ ಪದವನ್ನು ಓದಿದರು.