ಭಜ್ಜಿಯ ಮುನ್ನಾದಿನದ ಕಥಾಗೋಷ್ಠಿ

ಎಳ್ಳಮಾವಾಸ್ಯೆಯ ಮುನ್ನಾದಿನ ನಮ್ಮ ಬಸವಕಲ್ಯಾಣದಲ್ಲಿ ಹೆಂಗಸರ ಕೈ ಖಾಲಿ ಇರುವುದಿಲ್ಲ. ಮರುದಿನ ಹೊಲಕ್ಕೆ ಒಯ್ಯುವ ಭಜ್ಜಿಗೆ ಹಸಿ ತೊಗರಿ, ಅವರೆ, ಕಡಲೆ ಎಲ್ಲ ಬಿಡಿಸಬೇಕು. ಇದು ಎಣ್ಣೆಯಲ್ಲಿ ತೇಲುವ ಭಜ್ಜಿಯಲ್ಲ. ಕಾಳು, ಸೊಪ್ಪು, ಹುಣಸೆಹುಳಿ ಕೂಡಿಸಿ ದೊಡ್ಡ ಪಾತ್ರೆಯಲ್ಲಿ ಕುದಿಸುವಂಥದ್ದು. ಹುಮನಾಬಾದಿನ ಸಾಹಿತ್ಯಾಸಕ್ತರಿಗೆ ಇದನ್ನು ತಿನ್ನುವುದಷ್ಟೇ ಗೊತ್ತಿತ್ತೋ ಏನೋ, ಅದೇ ದಿನ ಗೋಷ್ಠಿ ಇಟ್ಟರು. ವಿಷಯ: ಸಣ್ಣಕಥೆಯಲ್ಲಿ ಕುಟುಂಬದ ಹೊಣೆ ಮತ್ತು ಹೆಣ್ಣಿನ ಒಳಹೋರಾಟ.

ಕಥೆ ಓದಲು ನನಗೆ ಕರೆ ಬಂದಿತ್ತು. ಅಲ್ಲಿಯವರೆಗೆ ನನ್ನ ಕಥೆಯನ್ನು ಯಾರೂ ನನ್ನ ಬಾಯಿಂದ ಕೇಳಿರಲಿಲ್ಲ. ಒಮ್ಮೆಯಾದರೂ ಕೇಳಿಸಬೇಕೆಂಬ ಆಸೆಗೆ ಅತ್ತೆಯ ಮುಂದೆ ಬಾಯಿಬಿಟ್ಟೆ.

“ಹೋಗು, ಯಾರು ಬ್ಯಾಡಂದಾರ? ನಿನ್ನ ಪಾಲಿನ ತೊಗರಿಕಾಯಿ ಸಂಗಾಟ ಒಯ್ಯಿ.”

ಗಂಡ ಉದಾರಿ. ಆ ಚೀಲವನ್ನು ಬಸ್ ನಿಲ್ದಾಣದವರೆಗೆ ಹೊತ್ತು ಕೊಟ್ಟರು.

ಬಸ್ಸಿನಲ್ಲಿ ಬಿಡಿಸುತ್ತ ಕುಳಿತೆ. ಪಕ್ಕದಲ್ಲಿದ್ದ ಬುರ್ಖಾದ ಹೆಂಗಸು ತಾನೂ ಒಂದು ಹಿಡಿ ಎತ್ತಿಕೊಂಡಳು.

“ಎಲ್ಲಿಗಿ ಹೊಂಟೀರಿ ಬಾಯಿ?”

“ಹುಮನಾಬಾದಿಗ್ರಿ, ಕಥಿ ಓದಾಕ.”

“ಯಾ ಅಲ್ಲಾ, ಇವತ್ತ? ಕಾರ್ಯಕ್ರಮ ಇಟ್ಟವರ ಮನ್ಯಾಗ ಹೆಂಗಸರಿಲ್ಲೇನ್ರಿ?”

“ಅದಾರ್ರಿ. ಅದಕ್ಕ ಗಂಡಸರಿಗಿ ಪುರುಸೊತ್ತು ಸಿಕ್ಕದ.”

ಸಭೆಯಲ್ಲಿ ಹೆಂಗಸರೆಂದರೆ ಪ್ರಾರ್ಥನೆ ಹಾಡುವವಳು ಮತ್ತು ನಾನು. “ಮಹಿಳೆಯರ ಸ್ಪಂದನೆ ಭಾಳ ಕಮ್ಮಿ ನೋಡ್ರಿ,” ಎಂದು ವ್ಯವಸ್ಥಾಪಕರು ನೊಂದುಕೊಂಡರು. ನಾನೂ ಮರುಗಿದೆ. ಪಾಪ, ಎಲ್ಲಿ ಹೋಗಿದ್ದರೋ!

ಮುಖ್ಯ ಭಾಷಣಕಾರರು ಹೆಣ್ಣಿಗೆ ಸಮಯವೇ ಸಿಗುವುದಿಲ್ಲ ಎಂಬುದನ್ನು, ಉಳಿದವರ ಸಮಯವೆಲ್ಲ ತೀರುವವರೆಗೆ ವಿವರಿಸಿದರು. ಆಕೆಯ ಕೈ ಒಲೆಗೆ ಕಟ್ಟಿದೆ ಎನ್ನುವಾಗ ಅವರ ದನಿ ನಡುಗಿತು. ನಡುವೆ ಮುಂದಿನ ಸಾಲಿನಲ್ಲಿದ್ದ ನನ್ನತ್ತ ತಿರುಗಿ, “ಅಕ್ಕೋರೆ, ಕಾಯಿ ಸಪ್ಪಳ ಆಗಾಕತ್ತದ,” ಎಂದರು. ಚೀಲ ಮುಚ್ಚಿದೆ.

ನನ್ನ ಸರದಿ ಬಂದಾಗ ಅಡುಗೆಯ ವಾಸನೆಯೂ ಬಂತು.

“ಮೇಡಂ, ಊಟದ ಟೈಮ್ ಆಗ್ಯಾದ. ಕಥಿ ಸಾರಾಂಶ ಎರಡು ಮಾತಿನಾಗ ಹೇಳಿಬಿಡ್ರಿ,” ಎಂದರು ವ್ಯವಸ್ಥಾಪಕರು.

“ಒಬ್ಬಾಕಿಗಿ ಕಥಿ ಓದೂದಿತ್ತು. ಊಟದ ಟೈಮ್ ಆತು,” ಎಂದೆ.

ಚಪ್ಪಾಳೆ ಜೋರಾಗಿಯೇ ಬಿತ್ತು. ಶಾಲೂ ಹೊದಿಸಿದರು, ಕಾಯಿ ಬಿಡಿಸಿದ ಕೈ ಒರೆಸಲು ಅನುಕೂಲವಾಯಿತು.

ಸಂಜೆ ಮನೆಗೆ ಬಂದರೆ ಪಡಸಾಲೆಯಲ್ಲಿ ಅತ್ತೆ, ಓಣಿಯ ಹೆಂಗಸರು, ನಡುವೆ ಅವರೆಕಾಯಿಯ ರಾಶಿ.

“ಓದಿದೇನು?” ಅತ್ತೆ ಕೇಳಿದರು.

“ಇಲ್ರಿ.”

“ಅಷ್ಟು ದೂರ ಹೋಗಿ ಕಾಯಿ ಬಿಡಿಸಿ ಬಂದೀ?” ಚೀಲ ನೋಡಿ, “ಅದೂ ಅರ್ಧಾ!” ಎಂದರು. ಆಮೇಲೆ ಮಣೆ ಸರಿಸಿ, “ಕುಂದ್ರು. ಇಲ್ಲೇ ಓದು. ನಮ್ಮ ಕೈಗಷ್ಟೇ ಕೆಲಸ ಅದ, ಕಿವಿ ಖಾಲಿನೇ ಅವ.”

ಕುಳಿತು ಮೊದಲ ಪುಟ ತೆರೆದೆ. ಯಾರೂ ಗಡಿಯಾರ ನೋಡಲಿಲ್ಲ. ಸಿಪ್ಪೆಯ ಸಪ್ಪಳದ ನಡುವೆ ಕೊನೆಯ ಸಾಲಿನವರೆಗೆ ಓದಿದೆ. ಕಥೆಯೊಳಗಿನ ಅತ್ತೆ ಬಂದಾಗ ಪಕ್ಕದ ಮನೆಯವಳು ನಮ್ಮತ್ತೆಯನ್ನು ಮೊಣಕೈಯಿಂದ ತಿವಿದಳು.

“ಆ ಮುದುಕಿ ನಾನೇ ಏನು?”

“ಅಲ್ರಿ, ಅದು ಕಥಿ.”

“ಕಥಿ ಇರಲಿ. ಬಾಯಿ ಜೋರಿದ್ರೂ ಇರಲಿ. ಆದ್ರ ಆಕಿ ಭಜ್ಜಿಗಿ ಹುಣಸಿ ಹಾಕೂದು ಮರ್ತಾಳ. ಓದಿದವರು ನನ್ನ ಬಗ್ಗಿ ಏನಂದಾರು? ಅದೊಂದು ತಿದ್ದು.”

ತಿದ್ದಿದೆ. ಒಳಹೋರಾಟವನ್ನು ಇದ್ದ ಹಾಗೇ ಬಿಟ್ಟು, ಹುಣಸೆ ಹಾಕಿದೆ.